ಹಸನಬ್ಬ ಯಾಕೆ ಬರಲಿಲ್ಲ

ಗುಂಡಿ ಎದೆಮಟ್ಟ ಇಳಿದಾಗ ಬಂಡೆ ಸಿಕ್ಕಿತು. ಒಳಗೆ ನಿಂತಿದ್ದವನು ಹಾರೆಯಿಂದ ಎರಡು ಸಲ ಕುಟ್ಟಿ ನೋಡಿದ. ಮೂರನೆಯ ಸಲ ಕುಟ್ಟದೆ ತಲೆಯೆತ್ತಿ ಆಶಿಕ್‌ನ ಮುಖ ನೋಡಿದ. ಸತ್ತವನ ಮಗ ನೀನು, ಸಾಕೋ ಇನ್ನೂ ಬೇಕೋ ನೀನೇ ಹೇಳು ಎಂಬಂತಿತ್ತು. ಜಿದ್ದಾದ ಅಂಗಡಿಯೊಂದರಲ್ಲಿ ಗಿರಾಕಿಗಳ ಮಣಿಕಟ್ಟಿಗೆ ಅತ್ತರು ಸವರಿ ಮಾರುವ ಕೆಲಸ ಆಶಿಕ್‌ನದು. ಗೋರಿಯ ಆಳ ಎಷ್ಟಿರಬೇಕೆಂದು ಅವನನ್ನು ಈವರೆಗೆ ಯಾರೂ ಕೇಳಿರಲಿಲ್ಲ.

“ಸಾಕು ಮಾರಾಯ, ಧಾರಾಳ ಆಯ್ತು,” ಎಂದರು ಪಕ್ಕದಲ್ಲಿದ್ದ ಅಬ್ದುಲ್ ಗಫೂರ್. ಅದನ್ನೇ ಅರಬಿಯಲ್ಲಿಯೂ ಹೇಳಿ, ಆಶಿಕ್‌ನ ಕಡೆ ತಿರುಗಿದರು. “ಹಸನಾಕ ಎಂತ ಅಷ್ಟು ದೊಡ್ಡ ಆಳಾ?”

ಗಫೂರ್ ಉಪ್ಪಿನಂಗಡಿ ಕಡೆಯವರು, ಸತ್ತ ಹಸನಬ್ಬನ ಊರಿನವರೇ. ಸೌದಿಯ ಫೈಫಾ ಬೆಟ್ಟದ ಬುಡದಲ್ಲಿ ಚಹಾ ಪರಾಟದ ಬೂಫಿಯಾ, ಅಂದರೆ ಸಣ್ಣ ಹೋಟೆಲು, ಇಟ್ಟು ಇಪ್ಪತ್ತು ವರ್ಷ ಆಗಿದೆ. ಗುಂಡಿಯಲ್ಲಿದ್ದವನ ಹೆಸರು ಹಾದಿ, ಹಸನಬ್ಬನ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ ಯಹ್ಯಾನ ದೊಡ್ಡ ಮಗ. ಕೂಲಿಗೆ ಜನ ಸಿಗುತ್ತಿರಲಿಲ್ಲ ಎಂದಲ್ಲ. ಯಹ್ಯಾ ಕೂಲಿಯವರನ್ನು ಕರೆಯಬೇಡಿ ಎಂದಿದ್ದ.

ಹಸನಬ್ಬ ಸತ್ತು ಹನ್ನೊಂದು ದಿನವಾಗಿತ್ತು. ಮೆಟ್ಟಿಲು ಮೆಟ್ಟಿಲಾಗಿ ಬೆಟ್ಟ ಹತ್ತುವ ಗದ್ದೆಗಳ ಒಂದು ಕಟ್ಟೆಗೆ ಕಲ್ಲು ಜೋಡಿಸುತ್ತ ಕೂತವನು ಹಾಗೆಯೇ ವಾಲಿದನಂತೆ. ಹೃದಯ ನಿಂತಿತೆಂದು ಆಸ್ಪತ್ರೆಯವರು ಬರೆದುಕೊಟ್ಟರು. ಪೊಲೀಸರ ಕಾಗದ ಆಯಿತು, ಕಫೀಲನ ಕಾಗದ ಆಯಿತು. ಉಳಿದದ್ದು ಒಂದೇ. ಹೊರದೇಶದವನನ್ನು ಇಲ್ಲಿ ಹೂಳಬೇಕಾದರೆ ಜಿದ್ದಾದ ಕಾನ್ಸುಲೇಟ್ ಒಪ್ಪಬೇಕು. ಕಾನ್ಸುಲೇಟ್ ಒಪ್ಪಬೇಕಾದರೆ ಹೆಂಡತಿ ಒಪ್ಪಬೇಕು. ಹೆಂಡತಿ ಒಪ್ಪಿರಲಿಲ್ಲ.

ಆಶಿಕ್‌ನ ಕಿಸೆಯಲ್ಲಿ ಫೋನು ನಡುಗಿತು. ಅವನು ಗೋರಿಯಿಂದ ನಾಲ್ಕು ಹೆಜ್ಜೆ ದೂರ ಹೋದ.

“ನಾವು ವಕೀಲರ ಆಫೀಸಲ್ಲಿ ಇದ್ದೇವೆ,” ಎಂದಳು ಊರಿನಿಂದ ಅವನ ಉಮ್ಮ ಖತೀಜಮ್ಮ. “ಕಾಗದ ಟೈಪಾಗಿ ಮೇಜಿನ ಮೇಲೆ ಉಂಟು. ನಿನ್ನ ಮಾಮ ಪೆನ್ನಿನ ಮುಚ್ಚಳ ತೆಗೆದು ಕೂತಿದ್ದಾನೆ. ನಾನು ಜಗಲಿಗೆ ಬಂದು ಮಾತಾಡ್ತಾ ಇದ್ದೇನೆ.”

“ಸೈನ್ ಹಾಕಿ ಉಮ್ಮ.”

“ಅವರು ಯಾಕೆ ಬರ್ಲಿಲ್ಲ ಅಂತ ನಂಗೆ ಗೊತ್ತಾಗ್ಬೇಕು. ಗೊತ್ತಾಗದೆ ಹಾಕುದಿಲ್ಲ.”

“ಮಯ್ಯತ್ ಹೂಳದೆ ಇಟ್ಕೊಂಡು ಹೀಗೆ ಹಠ ಮಾಡ್ಬಾರ್ದು.”

“ಒಂಬತ್ತು ವರ್ಷ ನಾನು ಹಠ ಮಾಡ್ಲಿಲ್ಲ ಆಶೀ. ಊರಲ್ಲಿ ಗಾಂಜಾ ಕೇಸ್ ಅಂತ ಹೇಳಿದ್ರು. ನಿನ್ನ ಅತ್ತೆ ಎರಡನೇ ಮದುವೆ ಅಂತ ಹೇಳಿದ್ಳು. ನಾನು ಇಬ್ಬರಿಗೂ ಉತ್ತರ ಕೊಡ್ಲಿಲ್ಲ. ನನ್ನತ್ರ ಉತ್ತರ ಇದ್ರೆ ಅಲ್ವಾ ಕೊಡುದು? ಈಗ ಮಸೀದಿಯಿಂದ ಹೇಳಿ ಕಳ್ಸಿದ್ದಾರೆ, ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಇದ್ದತ್ ಕೂತ್ಕೊಳ್ಬೇಕು, ಹೊರಗೆ ಕಾಲಿಡ್ಬಾರ್ದು ಅಂತ. ಒಂಬತ್ತು ವರ್ಷ ನಾನು ಎಂತ ಮಾಡಿದ್ದು, ಅದನ್ನು ಕೇಳು ಅವರತ್ರ.”

ಆಶಿಕ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

“ನಿಮಗೆ ಗೊತ್ತಿಲ್ಲಾಂದ್ರೆ ಇಲ್ಲಿಗೆ ಕಳ್ಸಿ. ಪೆಟ್ಟಿಗೆಯಲ್ಲಿ ಆದ್ರೂ ಪರವಾಗಿಲ್ಲ. ಬದುಕಿರುವಾಗ ಬಾರದವರು ಈಗಾದ್ರೂ ಬರ್ಲಿ. ವಕೀಲರು ಎರಡು ಗಂಟೆಗೆ ಊಟಕ್ಕೆ ಏಳ್ತಾರೆ. ನಾನು ಅಷ್ಟರವರೆಗೆ ಇಲ್ಲಿ ಕೂತಿರ್ತೇನೆ.”

ಊರಿನ ಎರಡು ಗಂಟೆಯೆಂದರೆ ಇಲ್ಲಿ ಹನ್ನೊಂದೂವರೆ. ಈಗ ಒಂಬತ್ತೂಮುಕ್ಕಾಲು. ಇವತ್ತು ಗುರುವಾರ, ನಾಳೆ ನಾಡಿದ್ದು ಕಾನ್ಸುಲೇಟ್‌ಗೆ ರಜೆ. ಜಿದ್ದಾದ ಕನ್ನಡಿಗರ ಸಂಘದ ಅಬ್ದುಲ್ ಲತೀಫ್ ಬೆಳಗ್ಗಿನಿಂದ ಫೈಲು ಹಿಡಿದು ಅಲ್ಲಿ ಕೌಂಟರಿನ ಮುಂದೆ ನಿಂತಿದ್ದಾರೆ. ಇಳಿಮಧ್ಯಾಹ್ನದ ಅಸರ್ ನಮಾಝಿನ ನಂತರ ದಫನ್ ಎಂದು ಬೆಟ್ಟದ ಜನಕ್ಕೆಲ್ಲ ಹೇಳಿಯಾಗಿದೆ. ಇದನ್ನೆಲ್ಲ ಉಮ್ಮನಿಗೆ ಹೇಳಿ ಪ್ರಯೋಜನವಿರಲಿಲ್ಲ. ಆಶಿಕ್ ಸರಿ ಎಂದು ಫೋನು ಇಟ್ಟ.

ಅವನಿಗೆ ಅಳು ಬರುತ್ತಿರಲಿಲ್ಲ. ಹನ್ನೊಂದು ದಿನದಿಂದ ಬಂದಿಲ್ಲ. ಎರಡು ವರ್ಷದ ಹಿಂದೆ, ಇನ್ನೂ ಊರಿನಲ್ಲಿದ್ದಾಗ, ಬಾಪ ಬರುತ್ತಾರೆಂದು ಅವನು ಬಜ್ಪೆ ಏರ್‌ಪೋರ್ಟಿಗೆ ಹೋಗಿದ್ದ. ಕೊನೆಯ ಟ್ರಾಲಿ ಹೊರಬಂದು, ಸೆಕ್ಯೂರಿಟಿಯವನು ಇನ್ನು ಯಾರೂ ಇಲ್ಲ ಎಂದ ಮೇಲೂ ಒಂದು ಗಂಟೆ ನಿಂತಿದ್ದ. ಅಳುವುದೆಲ್ಲ ಅಲ್ಲಿಯೇ ಮುಗಿದಿತ್ತು. ಆಮೇಲೆ ಅವನೂ ಸೌದಿಗೆ ಬಂದ. ಜಿದ್ದಾದಿಂದ ಫೈಫಾಕ್ಕೆ ಒಂದು ದಿನದ ದಾರಿ. ಒಂದು ಸಲವೂ ಬರಲಿಲ್ಲ.

“ಗಫೂರಾಕ,” ಎಂದ ತಿರುಗಿ ಬಂದು. “ಬಾಪ ಯಾಕೆ ಊರಿಗೆ ಬರ್ಲಿಲ್ಲ? ನಿಮಗೆ ಗೊತ್ತುಂಟು.”

ಗಫೂರ್ ಟೋಪಿ ತೆಗೆದು ತಲೆ ತುರಿಸಿಕೊಂಡರು. “ಅದಕ್ಕೆ ಎಂತ, ಕಫೀಲ್ ಪಾಸ್‌ಪೋರ್ಟ್ ಕೊಡ್ಲಿಲ್ಲ ಅಂತ ಹೇಳು. ನಮ್ಮ ಊರಲ್ಲಿ ಅದನ್ನು ನಂಬದವರು ಯಾರಿದ್ದಾರೆ?”

“ಕೊಡ್ಲಿಲ್ವಾ?”

“ಕೊಡ್ಲಿಲ್ಲ ಅಂತ ಹೇಳು ಅಂದೆ ನಾನು.”

“ಗಫೂರಾಕ.”

ಗಫೂರ್ ಗುಂಡಿಯ ಕಡೆ ನೋಡಿದರು. ಹಾದಿ ಹೊರಗೆ ಹತ್ತಿ ಬಂದು, ಮಣ್ಣಿನ ಕೈಯಲ್ಲೇ ನೀರಿನ ಬಾಟಲಿ ಎತ್ತಿ ಕುಡಿಯುತ್ತಿದ್ದ. “ಇಲ್ಲಿ ಬೇಡ, ಗಾಡಿ ಹತ್ತು,” ಎಂದರು.

*

ಹಸನಬ್ಬ ಊರಿನಲ್ಲಿ ದೊಡ್ಡ ವೀಳ್ಯದೆಲೆಯ ಆಸಾಮಿ. ಬಾಯಲ್ಲಿ ಎಲೆ ಅಡಿಕೆ ಇಲ್ಲದ ಹೊತ್ತಿನಲ್ಲಿ ಅವನನ್ನು ಕಂಡವರು ಕಡಿಮೆ. ಸೌದಿಗೆ ಬಂದ ಮೇಲೆ ಅದು ತಪ್ಪಿತು. ಫೈಫಾದಲ್ಲಿ ಯಹ್ಯಾನ ಗದ್ದೆಗಳ ಕೆಲಸಕ್ಕೆ ಸೇರಿದ ಮೊದಲ ದಿನವೇ, ಮಧ್ಯಾಹ್ನ ಊಟವಾದ ಮೇಲೆ ಗಂಡಸರೆಲ್ಲ ಗೋಡೆಗೆ ಒರಗಿ ಕೂತು ಒಂದೊಂದೇ ಚಿಗುರೆಲೆ ಬಾಯಿಗೆ ಹಾಕಿಕೊಂಡು ಒಂದು ಕೆನ್ನೆಯಲ್ಲಿ ಒತ್ತಿಡುವುದನ್ನು ಕಂಡ. ಅವನಿಗೆ ಊರು ನೆನಪಾಯಿತು. ಸುಣ್ಣ ಎಲ್ಲಿ ಎಂದು ಕೇಳಿದನಂತೆ. ಆ ಮಾತು ಬೆಟ್ಟದಲ್ಲಿ ಬಹಳ ದಿನ ನಗೆಯಾಗಿ ಉಳಿಯಿತು.

ಅದು ಖಾತ್. ಬೆಟ್ಟದವರು ತಲೆತಲಾಂತರದಿಂದ ಬೆಳೆಸಿಕೊಂಡು ಬಂದ ಗಿಡ. ಮದುವೆಗೂ ಅದೇ, ನ್ಯಾಯ ಪಂಚಾಯಿತಿಗೂ ಅದೇ. ಕಾನೂನಿನಲ್ಲಿ ಅದಕ್ಕೆ ನಿಷೇಧವಿತ್ತು. ಆದರೂ ಬೆಟ್ಟದ ಮೇಲೆ ಎಲ್ಲರೂ ಕಂಡೂ ಕಾಣದಂತೆ ಇರುತ್ತಿದ್ದರು. ಕೆಳಗಿನ ಚೆಕ್‌ಪೋಸ್ಟ್ ದಾಟಿದರೆ ಮಾತ್ರ ಕತೆ ಬೇರೆ. ಯಹ್ಯಾ ಒಮ್ಮೆ ಹೇಳಿದ್ದನಂತೆ, ನನ್ನ ಅಜ್ಜನ ಕಾಲದಲ್ಲಿ ಇದು ಗಿಡ, ನನ್ನ ಕಾಲದಲ್ಲಿ ಇದು ಕೇಸು ಎಂದು.

ಹಾಗಾಗಿ ಫೋನಿನಲ್ಲಿಯೂ ಅಂಗಡಿಯಲ್ಲಿಯೂ ಯಾರೂ ಆ ಗಿಡದ ಹೆಸರು ಎತ್ತುತ್ತಿರಲಿಲ್ಲ. ಹಸನಬ್ಬನ ಕಿವಿಗೆ ಬಿದ್ದ ಮಾತು ವರಕ್, ಅಂದರೆ ಎಲೆ. ವರಕ್ ಕೊಯ್ದೆಯಾ, ವರಕ್ ಕಟ್ಟಿದೆಯಾ, ವರಕ್ ಒದ್ದೆ ಬಟ್ಟೆಯಲ್ಲಿ ಸುತ್ತು. ಅವನ ಅರಬಿಯೆಲ್ಲ ಬೆಟ್ಟದಲ್ಲಿ ಕಲಿತ ಅರಬಿ. ಅದೇ ವರಕ್ ಎಂಬ ಮಾತಿಗೆ ಕಾಗದ ಎಂಬ ಅರ್ಥವೂ ಉಂಟೆಂದು ಅವನಿಗೆ ಯಾರೂ ಹೇಳಿಕೊಡಲಿಲ್ಲ. ಹೇಳಿಕೊಡುವ ಸಂದರ್ಭ ಬಂದಿರಲಿಲ್ಲ.

2010ರ ಚಳಿಗಾಲದ ಒಂದು ಬೆಳಗ್ಗೆ ಪಿಕಪ್ಪಿನ ಹಿಂದೆ ಮೇವಿನ ಹುಲ್ಲು, ಹುಲ್ಲಿನ ಅಡಿಯಲ್ಲಿ ಇಪ್ಪತ್ತು ಕಟ್ಟು ಎಲೆ. ಹಸನಬ್ಬ ಗಾಡಿ ಬಿಡುತ್ತಿದ್ದ. ಪಕ್ಕದ ಸೀಟಿನಲ್ಲಿ ಯಹ್ಯಾ ರುಮಾಲು ಮುಖಕ್ಕೆ ಎಳೆದುಕೊಂಡು ನಿದ್ದೆಹೋಗಿದ್ದ. ಚೆಕ್‌ಪೋಸ್ಟಿನ ಹಳೆಯ ಪೊಲೀಸರಿಗೆ ಹಸನಬ್ಬನ ಪರಿಚಯವಿತ್ತು. ಕೈ ಬೀಸಿ ಬಿಡುತ್ತಿದ್ದರು, ತೀರಾ ಆದರೆ ವಾಸದ ಕಾರ್ಡು ಇಕಾಮಾ ತೋರಿಸು ಎನ್ನುತ್ತಿದ್ದರು. ಆ ದಿನ ಹೊಸಬನೊಬ್ಬ ಇದ್ದ, ಯಾವುದೋ ದೊಡ್ಡ ಊರಿನವನು. ಕಿಟಕಿಗೆ ಬಾಗಿ, “ವರಕ್?” ಎಂದ. ಗಾಡಿಯ ಕಾಗದ ಎಲ್ಲಿ ಎಂದು ಅವನು ಕೇಳಿದ್ದು.

ಹಸನಬ್ಬನಿಗೆ ಸಂತೋಷವೇ ಆಯಿತು. ಇವನೂ ನಮ್ಮವನೇ, ಯಹ್ಯಾ ಮೊದಲೇ ಮಾತಾಡಿ ಇಟ್ಟಿರಬೇಕು ಎಂದುಕೊಂಡ. “ಇದೆ, ಹಿಂದೆ ಇದೆ,” ಎಂದು ಗಾಡಿಯಿಂದ ಇಳಿದ. ಹುಲ್ಲು ಸರಿಸಿದ. ಒಳ್ಳೆಯ ಚಿಗುರಿನ ಒಂದು ಕಟ್ಟು ಆರಿಸಿ, ದೊಡ್ಡವರಿಗೆ ವೀಳ್ಯ ಕೊಡುವವರ ಹಾಗೆ ಎರಡೂ ಕೈಯಲ್ಲಿ ಹಿಡಿದು ಪೊಲೀಸನ ಮುಂದೆ ಚಾಚಿದ.

ಬಾಗಿಲಿನ ಸದ್ದಿಗೆ ಯಹ್ಯಾ ಎದ್ದ. ಕನ್ನಡಿಯಲ್ಲಿ ಇದನ್ನು ಕಂಡ. ಇಳಿದು ಬಂದು ಹಸನಬ್ಬನ ಕೈಯಿಂದ ಕಟ್ಟನ್ನು ತೆಗೆದುಕೊಂಡ. “ಗಾಡಿ ನನ್ನದು, ಎಲೆ ನನ್ನದು. ಇವನಿಗೆ ಹುಲ್ಲು ಅಂತ ಹೇಳಿ ತುಂಬಿಸಿದ್ದು. ಇವನಿಗೆ ಏನೂ ಗೊತ್ತಿಲ್ಲ,” ಎಂದ.

ಹಸನಬ್ಬನನ್ನು ಒಂದು ವಾರ ಇಟ್ಟುಕೊಂಡು ಬಿಟ್ಟರು. ಯಹ್ಯಾನಿಗೆ ನಾಲ್ಕು ವರ್ಷ ಆಯಿತು.

*

“ಲಾಕಪ್ಪಲ್ಲಿ ನಮ್ಮ ಊರಿನ ಒಬ್ಬ ಇದ್ದ, ಬೇರೆ ಕೇಸಿಗೆ,” ಎಂದರು ಗಫೂರ್, ತಿರುವಿನಲ್ಲಿ ಗೇರು ಬದಲಿಸುತ್ತ. “ಅವನೇ ಊರಿಗೆ ಫೋನ್ ಮಾಡಿ ಹೇಳಿದ್ದು. ಪೊಲೀಸ್ ಹಿಡಿಯುವ ಎಲೆ ಅಂದ್ರೆ ನಮ್ಮವರಿಗೆ ಗಾಂಜಾ ಒಂದೇ ಗೊತ್ತಲ್ವಾ. ಗಾಂಜಾ ಹಸನಬ್ಬ ಆಗಿ ಹೋಯ್ತು.”

“ಜೈಲಿಗೆ ಹೋದದ್ದು ಯಹ್ಯಾ. ಬಾಪ ಬರಬಹುದಿತ್ತಲ್ಲ.”

“ಬರಬಹುದಿತ್ತು. ಯಹ್ಯಾನ ತಮ್ಮ ಬಂದು, ರಜೆಯ ಕಾಗದಕ್ಕೆ ನಾನು ಸೈನ್ ಹಾಕ್ತೇನೆ, ನೀನು ಹೋಗು ಅಂತ ಹೇಳಿದ. ನಿನ್ನ ಬಾಪ ಕೇಳ್ಲಿಲ್ಲ. ನನ್ನ ಒಂದು ಮಾತಿಂದ ಒಬ್ಬ ಒಳಗೆ ಹೋಗಿದ್ದಾನೆ, ನಾನು ಊರಿಗೆ ಹೋಗಿ ಮೀನು ಸಾರು ಉಣ್ಣುದಾ ಅಂತ ಕೇಳಿದ. ಇಲ್ಲಿ ಈ ಕಟ್ಟೆಗಳುಂಟಲ್ಲ, ಒಂದು ಮಳೆಗೆ ಒಂದು ಕಲ್ಲು ಜಾರಿದ್ರೆ ಮುಂದಿನ ಮಳೆಗೆ ಇಡೀ ಗದ್ದೆ ಕೆಳಗೆ. ಹಾದಿ ಆಗ ಕಾಲೇಜಿಗೆ ಹೋಗ್ತಿದ್ದ. ನಾಲ್ಕು ವರ್ಷ ನಿನ್ನ ಬಾಪ ಒಬ್ಬನೇ ಕಲ್ಲು ಹೊತ್ತದ್ದು. ಖಾತ್ ಗಿಡ ಎಲ್ಲ ಕೀಳಿಸ್ಬೇಕು ಅಂತ ಆಫೀಸಿಂದ ಆರ್ಡರ್ ಬಂತು. ಅದನ್ನು ಕಿತ್ತದ್ದೂ ಇವನೇ, ಅಲ್ಲಿ ಕಾಫಿ ನೆಟ್ಟದ್ದೂ ಇವನೇ.”

“ಹಾಗಾದ್ರೆ ಇಷ್ಟೇ ಉಮ್ಮನಿಗೆ ಹೇಳುವ.”

ಗಫೂರ್ ಗಾಡಿ ನಿಲ್ಲಿಸಿದರು. ಯಹ್ಯಾನ ಮನೆ ಬಂದಿತ್ತು.

ಕಲ್ಲಿನ ಗುಂಡಗಿನ ಮನೆ, ಪಕ್ಕದಲ್ಲಿ ಹಸನಬ್ಬನ ಕೋಣೆ. ಯಹ್ಯಾ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಎಪ್ಪತ್ತು ದಾಟಿದ ಸಣಕಲು ಮುದುಕ. ಆಶಿಕ್‌ನನ್ನು ಕಂಡು ಎದ್ದು, ಕೈ ಹಿಡಿದು, ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಕೋಣೆಯ ಬೀಗ ತೆಗೆದ. ಮಗನೇ ಬಂದು ತೆಗೆಯಲಿ ಎಂದು ಹನ್ನೊಂದು ದಿನ ಹಾಗೆಯೇ ಬಿಟ್ಟಿದ್ದೆವು ಎಂದ.

ಕೋಣೆಯಲ್ಲಿ ಹೆಚ್ಚೇನೂ ಇರಲಿಲ್ಲ. ಮಂಚ, ನಮಾಝಿನ ಚಾಪೆ, ಒಂದು ಟ್ರಂಕು. ಗೋಡೆಯಲ್ಲಿ ತಂಗಿ ರಮ್ಲತ್‌ಳ ಮದುವೆಯ ಫೋಟೊ, ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಪ್ರಿಂಟ್ ಹಾಕಿಸಿದ್ದು. ಫೋಟೊದಲ್ಲಿ ತಂಗಿಯ ಪಕ್ಕ ತಂದೆ ನಿಲ್ಲಬೇಕಾದ ಕಡೆ ಮಾಮ ನಿಂತಿದ್ದರು. ಆಶಿಕ್ ಅದನ್ನು ನೋಡಿ ಕಣ್ಣು ತಿರುಗಿಸಿದ. ತಲೆದಿಂಬಿನ ಬಳಿ ಬೈರಾಸಿನಲ್ಲಿ ಸುತ್ತಿದ ಒಂದು ಕಟ್ಟಿತ್ತು. ಬಿಚ್ಚಿದ. ಒಣಗಿ ಕಂದಾದ ಎಲೆಗಳು ಕೈಯಲ್ಲಿ ಪುಡಿಯಾದವು.

“ಇದೇನಾ?” ಎಂದ.

ಗಫೂರ್ ತಲೆಯಾಡಿಸಿದರು.

“ಎಲ್ಲ ಕಿತ್ತಾಯ್ತು ಅಂದ್ರಲ್ಲ.”

“ಹಿಂದೆ ನೀರಿನ ಟ್ಯಾಂಕಿನ ಹತ್ರ ನಾಲ್ಕು ಗಿಡ ಬಿಟ್ಟಿದ್ದ,” ಎಂದರು ಗಫೂರ್ ಮೆಲ್ಲಗೆ. “ತನಗೆ ಅಂತ.”

*

ನಾಲ್ಕು ವರ್ಷ ಕಳೆದು ಯಹ್ಯಾ ಬಿಡುಗಡೆಯಾಗಿ ಬಂದಾಗ ಅವನ ಗದ್ದೆಗಳಲ್ಲಿ ಮೊಣಕಾಲೆತ್ತರದ ಕಾಫಿ ಗಿಡಗಳಿದ್ದವು. ಒಂದು ಕಟ್ಟೆಯೂ ಜಾರಿರಲಿಲ್ಲ. ಯಹ್ಯಾ ಪ್ರತಿಯೊಂದು ಗದ್ದೆಗೂ ಇಳಿದು ನೋಡಿ, ಕೊನೆಗೆ ಟ್ಯಾಂಕಿನ ಬಳಿಗೆ ಬಂದ. ನಾಲ್ಕು ಗಿಡಗಳನ್ನು ನೋಡಿದ. ಹಸನಬ್ಬನ ಉಬ್ಬಿದ ಕೆನ್ನೆಯನ್ನೂ ನೋಡಿದ. ಜೈಲಿನಲ್ಲಿ ಅವನಿಗೆ ಆ ಚಟ ಬಿಟ್ಟುಹೋಗಿತ್ತು. ಅದು ಈಗ ಹಸನಬ್ಬನಿಗೆ ಹತ್ತಿತ್ತು. ಮೊದಲ ವರ್ಷ ಒಂಟಿತನಕ್ಕೆ ಒಂದೆರಡು ಎಲೆ, ಆಮೇಲೆ ಕಲ್ಲು ಹೊರುವ ಸುಸ್ತಿಗೆ, ಆಮೇಲೆ ಕಾರಣ ಕೇಳುವವರು ಯಾರೂ ಇರಲಿಲ್ಲ. ಯಹ್ಯಾನೂ ಕೇಳಲಿಲ್ಲ.

ಮರುವರ್ಷ ಯಹ್ಯಾನೇ ಓಡಾಡಿ ರಜೆಯ ವೀಸಾ ಮಾಡಿಸಿದ, ಟಿಕೆಟು ತೆಗೆಸಿದ. ಹೊರಡುವ ಮೊದಲು ಹಸನಬ್ಬ ಎಲೆ ಬಿಡುತ್ತೇನೆಂದು ಹೊರಟು ಮೂರು ದಿನ ಮಲಗಿಯೇ ಇದ್ದ. ಯಾರ ಮೇಲೋ ಕೂಗಾಡಿದ. ನಾಲ್ಕನೆಯ ದಿನ ಟ್ಯಾಂಕಿನ ಬಳಿಗೆ ಹೋದ.

ಗಫೂರ್ ಅವನನ್ನು ಜಿಝಾನ್ ಏರ್‌ಪೋರ್ಟಿಗೆ ಕರೆದುಕೊಂಡು ಹೋದರು. ಎರಡು ಪೆಟ್ಟಿಗೆ, ಒಂದು ಕಂಬಳಿ, ರಮ್ಲತ್‌ಳ ಮಗುವಿಗೆ ಆಟದ ಕಾರು. ಪಾರ್ಕಿಂಗಿನಲ್ಲಿ ಹಸನಬ್ಬ ಕೆನ್ನೆಯಲ್ಲಿದ್ದುದನ್ನು ಉಗಿದು, ಬಾಟಲಿ ನೀರಿನಲ್ಲಿ ಬಾಯಿ ಮುಕ್ಕಳಿಸಿದ. ಗಾಡಿಯ ಕನ್ನಡಿಯಲ್ಲಿ ಮುಖ ನೋಡಿಕೊಂಡ. ಕೆನ್ನೆ ಒಳಗೆ ಏನೂ ಇಲ್ಲದಿದ್ದರೂ ಜೋತಿತ್ತು. ಹಲ್ಲು ಹಸಿರಾಗಿತ್ತು.

“ಊರಲ್ಲಿ ನನಗೆ ಗಾಂಜಾ ಹಸನಬ್ಬ ಅಂತ ಹೆಸರಿಟ್ಟಿದ್ದಾರೆ,” ಎಂದ. “ಸುಳ್ಳು ಅಂತ ಖತೀಜ ಎಲ್ಲರ ಹತ್ರ ಜಗಳ ಮಾಡಿರ್ತಾಳೆ. ಈ ಮುಖ ತಗೊಂಡು ಹೋಗಿ ಅವಳ ಮುಂದೆ ನಿಲ್ಬೇಕಾ ಗಫೂರ್?”

ಮತ್ತೆ ಅವನು ಗಾಡಿಯಿಂದ ಇಳಿಯಲಿಲ್ಲ. ವಿಮಾನ ಹೋದ ಮೇಲೆ ಇಬ್ಬರೂ ಬೆಟ್ಟಕ್ಕೆ ತಿರುಗಿದರು. ಫ್ಲೈಟ್ ತಪ್ಪಿತೆಂದು ಮರುದಿನ ಊರಿಗೆ ಫೋನು ಮಾಡಿದ್ದು ಗಫೂರ್.

*

ಹನ್ನೊಂದು ಗಂಟೆಯಾಗುತ್ತ ಬಂದಿತ್ತು. ಆಶಿಕ್ ಕೋಣೆಯ ಮೆಟ್ಟಿಲಿನ ಮೇಲೆ ಕೂತ. ಎಲೆಯ ಪುಡಿ ಅಂಗೈಗೆ ಅಂಟಿಕೊಂಡಿತ್ತು, ಪ್ಯಾಂಟಿಗೆ ಒರೆಸಿದ. ಅವನಿಗೆ ಸಿಟ್ಟು ಬಂದಿತ್ತು. ಸತ್ತವನ ಮೇಲೆ ಬರಬಾರದ ಸಿಟ್ಟು. ಹನ್ನೊಂದು ದಿನದಲ್ಲಿ ಬಂದ ಮೊದಲ ಭಾವನೆ ಇದು ಎಂದು ನಾಚಿಕೆಯೂ ಆಯಿತು.

“ಇದನ್ನೆಲ್ಲ ನಿನ್ನ ಉಮ್ಮನಿಗೆ ಹೇಳುದು ಬೇಡ ಮಾರಾಯ,” ಎಂದರು ಗಫೂರ್. “ಮೊದಲಿನ ಕತೆ ಮಾತ್ರ ಹೇಳು. ಮತ್ತಿನದ್ದಕ್ಕೆ ಪಾಸ್‌ಪೋರ್ಟ್ ಅಂತ ಹೇಳು.”

ಯಹ್ಯಾನಿಗೆ ಪಾಸ್‌ಪೋರ್ಟ್ ಎಂಬ ಮಾತು ಅರ್ಥವಾಯಿತು. ಏನು ಎಂದು ಕೇಳಿದ. ಗಫೂರ್ ಹಿಂಜರಿಯುತ್ತ ಅರಬಿಯಲ್ಲಿ ಹೇಳಿದರು. ಮುದುಕ ಸ್ವಲ್ಪ ಹೊತ್ತು ಕೆಳಗಿನ ಗದ್ದೆಗಳನ್ನು ನೋಡುತ್ತ ನಿಂತ.

“ಹಾಗೆಯೇ ಹೇಳು ಮಗನೇ,” ಎಂದ. “ಕಫೀಲ್ ಕೆಟ್ಟವನು, ಪಾಸ್‌ಪೋರ್ಟ್ ಹಿಡಿದಿಟ್ಟುಕೊಂಡ ಅಂತ ಹೇಳು. ನನ್ನ ಮೇಲೆ ಹಾಕು. ನನಗೆ ಅವಳು ಶಾಪ ಹಾಕಿದರೆ ಹಾಕಲಿ. ಅವನನ್ನು ಹೂಳಲು ಬಿಡಲಿ.”

ಆಶಿಕ್ ಅವನ ಮುಖ ನೋಡಿದ. ಒಮ್ಮೆ ಈ ಮನುಷ್ಯ ಗಾಡಿ ನನ್ನದು ಎಲೆ ನನ್ನದು ಎಂದು ನಾಲ್ಕು ವರ್ಷ ಒಳಗಿದ್ದು ಬಂದಿದ್ದ. ಈಗ ಇದನ್ನೂ ಹೊರುತ್ತೇನೆ ಎನ್ನುತ್ತಿದ್ದ. ಹೇಳಿದರೆ ಉಮ್ಮ ನಂಬುತ್ತಾಳೆ. ಇಡೀ ಊರು ನಂಬುತ್ತದೆ. ಗಾಂಜಾ ಹಸನಬ್ಬನೂ ಅಳಿಸಿಹೋಗಿ, ಪಾಪ, ಅರಬಿಯ ಕೈಗೆ ಸಿಕ್ಕಿದ ಹಸನಬ್ಬ ಆಗುತ್ತಾನೆ.

ಅವನು ಫೋನು ಒತ್ತಿದ. ಖತೀಜಮ್ಮ ಮೊದಲ ರಿಂಗಿಗೇ ಎತ್ತಿದಳು.

“ಉಮ್ಮ, ಬಾಪನನ್ನು ಯಾರೂ ಹಿಡಿದಿಡ್ಲಿಲ್ಲ,” ಎಂದ.

ಗಫೂರ್ ಹಣೆಗೆ ಕೈಯಿಟ್ಟುಕೊಂಡು ಆಚೆ ನಡೆದರು.

ಆಶಿಕ್ ಎಲ್ಲವನ್ನೂ ಹೇಳಿದ. ವರಕ್ ಎಂದು ಪೊಲೀಸ್ ಕೇಳಿದ್ದು, ಎಲೆಯ ಕಟ್ಟು ಎರಡೂ ಕೈಯಲ್ಲಿ ಕೊಟ್ಟದ್ದು. ಅಲ್ಲಿ ಖತೀಜಮ್ಮ ಮೂಗಿನಿಂದ ಒಂದು ಸದ್ದು ಮಾಡಿದಳು, ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಯಹ್ಯಾ ಜೈಲಿಗೆ ಹೋದದ್ದು, ಬಾಪ ಕಲ್ಲು ಹೊತ್ತದ್ದು. ಅಲ್ಲಿಗೆ ಅವನು ನಿಂತ.

“ನಾಲ್ಕು ವರ್ಷ ಸರಿ,” ಎಂದಳು ಖತೀಜಮ್ಮ. “ಆ ಮನುಷ್ಯ ಇವರಿಗೋಸ್ಕರ ಒಳಗಿರುವಾಗ ಬಿಟ್ಟು ಬಂದಿದ್ರೆ ನಾನೇ ಬೈತಿದ್ದೆ. ಅವರು ಹೊರಗೆ ಬಂದ್ಮೇಲೆ?”

“ಬರಬಹುದಿತ್ತು.”

“ವೀಸಾ?”

“ಆಗಿತ್ತು. ಏರ್‌ಪೋರ್ಟ್ ತನಕ ಬಂದಿದ್ರು.”

“ನೀನು ಬಜ್ಪೆಗೆ ಹೋಗಿ ಕಾದ ದಿನವಾ?”

“ಹೂಂ.”

ಆ ಕಡೆ ರಸ್ತೆಯಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಅವಳು ಅದು ಮುಗಿಯುವವರೆಗೆ ಕಾದಳು.

“ಎಲೆ ತಿಂತಿದ್ರಾ?”

“ದಿನಾ ತಿಂತಿದ್ರು. ಬಿಡ್ಲಿಕ್ಕೆ ನೋಡಿದ್ರಂತೆ, ಆಗ್ಲಿಲ್ಲ. ಆ ಮುಖ ನಿಮಗೆ ತೋರ್ಸುದು ಹೇಗೆ ಅಂತ ತಿರುಗಿ ಹೋದ್ರು.”

ಆಶಿಕ್ ಎರಡು ಸಲ ಫೋನು ಕಿವಿಯಿಂದ ತೆಗೆದು, ಲೈನು ಇದೆಯೇ ಎಂದು ನೋಡಿದ.

“ಪ್ರತಿ ಶುಕ್ರವಾರ ಫೋನ್ ಮಾಡ್ತಿದ್ರು,” ಎಂದಳು ಕೊನೆಗೆ. “ಬಿಸಿಲು ಹೇಗುಂಟು, ಮಳೆ ಬಂತಾ, ಇದೇ. ಒಂದು ಮಾತು ಹೇಳ್ಬಹುದಿತ್ತು. ಹೀಗೆ ಒಂದು ಚಟ ಹತ್ತಿದೆ, ಬಿಡ್ಲಿಕ್ಕೆ ಆಗುದಿಲ್ಲ ಖತೀಜ ಅಂತ. ನನ್ನ ಬಾಪ ಸಾಯುವವರೆಗೆ ಬೀಡಿ ಬಿಡ್ಲಿಲ್ಲ, ಕೆಮ್ಮಿ ಕೆಮ್ಮಿ ಸತ್ತದ್ದು. ನಾವು ಅವರನ್ನು ಮನೆಯಿಂದ ಹೊರಗೆ ಹಾಕಿದ್ವಾ? ನನ್ನನ್ನು ಎಂತ ಅಂತ ತಿಳ್ಕೊಂಡ್ರು ಇವರು?”

ಆಶಿಕ್ ಪ್ಯಾಂಟಿಗೆ ಅಂಟಿದ್ದ ಎಲೆಯ ಪುಡಿ ಕೊಡವಿದ.

“ಆ ಕಫೀಲ್ ಮುದುಕ ಅಲ್ಲಿದ್ದಾರಾ?”

“ಇಲ್ಲೇ ಇದ್ದಾರೆ.”

“ಅವರಿಗೆ ನನ್ನ ಸಲಾಂ ಹೇಳು.” ಸ್ವಲ್ಪ ಬಿಟ್ಟು, “ಸರಿ. ನಾನು ಒಳಗೆ ಹೋಗ್ತೇನೆ,” ಎಂದಳು.

ಹನ್ನೊಂದೂಕಾಲಕ್ಕೆ ಲತೀಫ್ ಜಿದ್ದಾದಿಂದ ಫೋನು ಮಾಡಿದರು. “ಕಾಗದ ಇಮೇಲಲ್ಲಿ ಬಂತು, ಆಸ್ಪತ್ರೆಗೂ ಕಳಿಸಿದ್ದೇನೆ. ಒಂದು ಕಡೆ ಏನೋ ಹೊಡೆದು ತಿದ್ದಿದ್ದಾರೆ. ತಿದ್ದಿದಲ್ಲಿ ನಿನ್ನ ಉಮ್ಮನ ಸೈನೂ ಉಂಟು, ವಕೀಲರ ಸೀಲೂ ಉಂಟು. ನಡೀತದಂತೆ. ನೀವು ಆಸ್ಪತ್ರೆಗೆ ಹೊರಡಿ.”

ಏನು ತಿದ್ದಿದ್ದಾರೆಂದು ಆಶಿಕ್ ಕೇಳಲಿಲ್ಲ. ಅವನು ಯಹ್ಯಾನಿಗೆ ಸಲಾಂ ಮುಟ್ಟಿಸಿದ. ಮುದುಕ ಅದನ್ನು ಕೇಳಿ ಕುರ್ಚಿಯಲ್ಲಿ ಕೂತವನು, ಯಾರೋ ಬಂದು ಏಳಿಸುವವರೆಗೆ ಕೂತೇ ಇದ್ದ.

*

ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಹಸನಬ್ಬನನ್ನು ಮೀಯಿಸಿದರು. ಆಶಿಕ್, ಗಫೂರ್, ಹಾದಿ, ಮತ್ತೆ ಮಸೀದಿಯ ಒಬ್ಬರು. ಆಶಿಕ್ ತಲೆಯ ಕಡೆ ನಿಂತಿದ್ದ. ಒಂಬತ್ತು ವರ್ಷದ ಮೇಲೆ ಕಂಡ ಬಾಪನಿಗೆ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಎಡಗೆನ್ನೆ ಖಾಲಿ ಸಂಚಿಯ ಹಾಗೆ ಜೋತು ಕಿವಿಯ ಕಡೆ ಸರಿದಿತ್ತು. ಮುಖಕ್ಕೆ ನೀರು ಹಾಕುವಾಗ ಅವನು ಆ ಕೆನ್ನೆಯನ್ನು ಅಂಗೈಯಲ್ಲಿ ಎತ್ತಿ ಸರಿಯಾಗಿ ಕೂರಿಸಿದ. ಕೈ ತೆಗೆದರೆ ಮತ್ತೆ ಜಾರಿತು. ಮೂರು ಸಲ ಎತ್ತಿದ. ಮಸೀದಿಯವರು, ಇರಲಿ ಬಿಡು ಎಂದು ಮೆಲ್ಲಗೆ ಹೇಳಿದರು. ಅವನು ಬಿಟ್ಟ.

ಅಸರ್ ನಮಾಝಿಗೆ ಜನ ತುಂಬಿದ್ದರು. ಬೆಟ್ಟದ ಮುದುಕರು, ಅವರ ಮಕ್ಕಳು, ಕೆಳಗಿನ ಅಂಗಡಿಗಳ ಮಲಯಾಳಿಗಳು, ಬಂಗಾಳಿಗಳು. ಇಷ್ಟು ಜನ ಬಾಪನಿಗೆ ಗೊತ್ತಿದ್ದರೆಂದು ಆಶಿಕ್‌ಗೆ ಗೊತ್ತಿರಲಿಲ್ಲ. ಒಬ್ಬೊಬ್ಬರೇ ಬಂದು ಅವನ ಕೈ ಹಿಡಿದು, ನನ್ನ ಕಟ್ಟೆ ನಿನ್ನ ತಂದೆ ಕಟ್ಟಿದ್ದು, ನನ್ನದೂ ಅವನೇ ಕಟ್ಟಿದ್ದು ಎಂದರು. ಅವನು ತಲೆಯಾಡಿಸುತ್ತ ಹೋದ. ಮಯ್ಯತ್ ನಮಾಝಿಗೆ ಮುಂದೆ ನಿಲ್ಲು ಎಂದು ಯಹ್ಯಾ ಅವನನ್ನು ತಳ್ಳಿದ. ಅವನು ನಿಂತು ಮುಗಿಸಿದ. ಗೋರಿಗೆ ಅವನೂ ಹಾದಿಯೂ ಇಳಿದರು. ಮಣ್ಣು ಹಾಕುವಾಗ ಗಫೂರ್ ಜೋರಾಗಿ ಅತ್ತರು, ಅವರನ್ನು ಯಾರೋ ಹಿಡಿದುಕೊಂಡರು. ಆಶಿಕ್ ಮೂರು ಹಿಡಿ ಹಾಕಿ, ಸಲಿಕೆ ಹಿಡಿದವರಿಗೆ ಜಾಗ ಬಿಟ್ಟು ನಿಂತ.

ಜನ ಕರಗುತ್ತಿದ್ದ ಹಾಗೆ ಬಲದಿಯಾದ, ಅಂದರೆ ಅಲ್ಲಿಯ ಪುರಸಭೆಯ ಗುಮಾಸ್ತ ರಿಜಿಸ್ಟರು ಹಿಡಿದು ಬಂದ. ಕಬರಸ್ತಾನದ ಗೋಡೆಯ ಮೇಲೆ ಅದನ್ನು ಬಿಡಿಸಿ, ಹಾದಿ ಕೊಟ್ಟ ಕಾಗದಗಳನ್ನು ಒಂದೊಂದಾಗಿ ಮಗುಚಿದ. ಹೆಸರು ಕೇಳಿದ, ಬರೆದ. ವಯಸ್ಸು ಐವತ್ತೆಂಟು, ಬರೆದ. ಸಾವಿನ ಕಾರಣ ಆಸ್ಪತ್ರೆಯ ಕಾಗದ ನೋಡಿ ಬರೆದ. ಆಮೇಲೆ ಊರಿನಿಂದ ಬಂದ ಕಾಗದ ಕೈಗೆತ್ತಿಕೊಂಡು, ಅದರ ನಡುವೆ ಬೆರಳಿಟ್ಟು ನಿಂತ.

“ಇದೇನು? ಇದು ಇಂಗ್ಲಿಷ್ ಅಲ್ಲ.”

ಆಶಿಕ್ ಬಾಗಿ ನೋಡಿದ. ಮೃತರ ಖಾಯಂ ವಿಳಾಸ ಎಂಬಲ್ಲಿ ವಕೀಲರು ಇಂಗ್ಲಿಷಿನಲ್ಲಿ ಟೈಪು ಮಾಡಿಸಿದ್ದರು. ಮನೆ ನಂಬರು, ಗ್ರಾಮ, ಅಂಚೆ, ತಾಲೂಕು, ಜಿಲ್ಲೆ. ಅಷ್ಟೂ ಸಾಲುಗಳ ಮೇಲೆ ಒಂದೊಂದೇ ಗೀಟು ಎಳೆದಿತ್ತು. ಅವಸರದಲ್ಲಿ ಎಳೆದದ್ದಲ್ಲ, ಸ್ಕೇಲು ಇಟ್ಟು ಎಳೆದದ್ದು. ಅದರ ಕೆಳಗೆ ಉಮ್ಮನ ದುಂಡನೆಯ ಕನ್ನಡ ಅಕ್ಷರದಲ್ಲಿ ಎರಡೇ ಪದ. ಪಕ್ಕದಲ್ಲಿ ಅವಳ ಸಹಿ.

“ಏನು ಬರೆದಿದೆ?” ಎಂದು ಗುಮಾಸ್ತ ಮತ್ತೆ ಕೇಳಿದ.

“ಫೈಫಾ ಬೆಟ್ಟ,” ಎಂದ ಆಶಿಕ್.

ಗುಮಾಸ್ತ ಅದನ್ನು ರಿಜಿಸ್ಟರಿನಲ್ಲಿ ಬರೆದುಕೊಂಡ. “ಹಾಗಾದರೆ ಇಲ್ಲಿಯವನೇ,” ಎಂದು ಹೇಳಿ, ಸಹಿ ಹಾಕಲು ಪೆನ್ನು ಅವನ ಕಡೆ ಚಾಚಿದ.